ಅಮ್ಮನ ಷೇರುಗಳಿಗೆ ದಪ್ಪಕ್ಷರದ ಪುಟ

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ನಿವೃತ್ತಳಾದ ಮೇಲೆ ಹಲಸೂರಿನ ಮನೆಯಲ್ಲಿ ಕೂತು ಷೇರು ವ್ಯವಹಾರ ಕಲಿತಳು. ಕಲಿಸಿದವರು ಯಾರೂ ಇಲ್ಲ. ಪೇಪರಿನ ವಾಣಿಜ್ಯ ಪುಟ ಓದಿ ಓದಿ ತಾನೇ ಕಲಿತದ್ದು. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಬ್ರೋಕರ್ ಕಂಪನಿಯ ವೆಬ್‌ಸೈಟಿನಲ್ಲಿ ಖಾತೆಯನ್ನೂ ತೆರೆದಳು.

ಅಷ್ಟು ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಆ ವೆಬ್‌ಸೈಟಿನ ಅಕ್ಷರಗಳೋ ಸಾಸಿವೆ ಗಾತ್ರದವು. ನಾನು ಆಗ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ದಿನಕ್ಕೆ ಮೂರು ನಾಲ್ಕು ಸಲ ಫೋನು ಬರುತ್ತಿತ್ತು: "ಸಿಮೆಂಟು ಎಷ್ಟಾಗಿದೆ ನೋಡಿ ಹೇಳೇ."

ಎರಡು ಭಾನುವಾರ ಕೂತು ಅವಳಿಗೊಂದು ಪುಟ ಮಾಡಿಕೊಟ್ಟೆ. ನನ್ನ ಪ್ರೋಗ್ರಾಮು ನಿಮಿಷಕ್ಕೊಮ್ಮೆ ಅವಳ ಹೆಸರಿನಲ್ಲಿ ಬ್ರೋಕರ್ ವೆಬ್‌ಸೈಟಿಗೆ ಲಾಗಿನ್ ಆಗಿ, ಅವಳ ಷೇರುಗಳ ಬೆಲೆ ಎತ್ತಿಕೊಂಡು ಬಂದು, ಮನೆಯ ಕಂಪ್ಯೂಟರಿನ ಪರದೆ ತುಂಬ ದಪ್ಪ ಕನ್ನಡ ಅಕ್ಷರಗಳಲ್ಲಿ ತೋರಿಸುತ್ತಿತ್ತು. ಬೆಲೆ ಏರಿದರೆ ಹಸಿರು, ಇಳಿದರೆ ಕೆಂಪು ಬಣ್ಣ ಕೊಟ್ಟಿದ್ದೆ.

"ನಂಗೆ ಎರಡೂ ಒಂದೇ ಥರ ಕಾಣುತ್ತೆ. ಏರಿದೆ, ಇಳಿದಿದೆ ಅಂತ ಬರಿ," ಅಂದಳು ಅಮ್ಮ. ಹಾಗೇ ಬರೆದೆ. ಕೊಳ್ಳುವುದು, ಮಾರುವುದು ಮಾತ್ರ ಬ್ರೋಕರ್ ವೆಬ್‌ಸೈಟಿನಲ್ಲೇ, ಭೂತಗನ್ನಡಿ ಹಿಡಿದು.

ಬ್ರೋಕರ್ ಕಂಪನಿಯವರನ್ನು ಒಂದು ಮಾತೂ ಕೇಳಿರಲಿಲ್ಲ. "ಪಾಸ್‌ವರ್ಡ್ ಪ್ರೋಗ್ರಾಮ್ ಒಳಗೇ ಬರ್ದಿಟ್ಟಿದ್ದೀಯಾ? ಒಂದಿನ ಸಿಕ್ಕಾಕೊಳ್ತೀಯ ನೋಡು," ಎಂದು ಆಫೀಸಿನ ಗೆಳೆಯನೊಬ್ಬ ಹೇಳಿದಾಗ ನಕ್ಕುಬಿಟ್ಟೆ. ನಮ್ಮಮ್ಮನ ಖಾತೆ, ನಮ್ಮಮ್ಮನ ಪಾಸ್‌ವರ್ಡು, ಯಾರಿಗೇನು ನಷ್ಟ ಅನ್ನುವುದು ನನ್ನ ವಾದ.

ಆರೇಳು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಮಾರುಕಟ್ಟೆ ಬಿತ್ತು. ನನ್ನ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೂ 'ಇಳಿದಿದೆ'. ಸಿಮೆಂಟು ಕಂಪನಿಯ ಷೇರನ್ನಾದರೂ ಮಾರಿಬಿಡೋಣವೆಂದು ಅಮ್ಮ ಬ್ರೋಕರ್ ವೆಬ್‌ಸೈಟು ತೆರೆದರೆ, ಹಳೆಯ ಪಾಸ್‌ವರ್ಡಿನ ಅವಧಿ ಮುಗಿದಿದೆ, ಹೊಸದು ಕೊಡಿ ಎಂದಿತು. ಕೊಟ್ಟಳು. ನನ್ನ ಪ್ರೋಗ್ರಾಮಿಗೆ ಅದೆಲ್ಲಿ ಗೊತ್ತಾಗಬೇಕು? ಮೂರು ನಿಮಿಷದಲ್ಲಿ ಮೂರು ಸಲ ಹಳೆಯದನ್ನೇ ಹಾಕಿತು. ಅಮ್ಮ ಮಾರುವ ಗುಂಡಿಯನ್ನು ಇನ್ನೂ ಹುಡುಕುತ್ತಿರುವಾಗಲೇ ಖಾತೆ ಲಾಕ್ ಆಯಿತು.

"ನಾನೇ ಅವರ ಆಫೀಸಿಗೆ ಹೋಗ್ತೀನಿ," ಎಂದು ಫೋನ್ ಮಾಡಿದಳು. ನಾನು ಆಟೋ ಹಿಡಿದು ಇಂದಿರಾನಗರದ ಬ್ರೋಕರ್ ಆಫೀಸು ತಲುಪಿದಾಗ ಎರಡೂವರೆ. ಅಮ್ಮ ಮ್ಯಾನೇಜರ್ ಎದುರು ಕೂತಿದ್ದಳು.

"ಯಾರೋ ನಿಮ್ಮ ಅಕೌಂಟ್ ಒಳಗೆ ನುಗ್ಗೋಕೆ ನೋಡಿದ್ದಾರಮ್ಮ. ಪಾಸ್‌ವರ್ಡ್ ಯಾರಿಗಾದ್ರೂ ಹೇಳಿದ್ರಾ?" ಎಂದು ಅವರು ಕೇಳುತ್ತಿದ್ದರು.

"ಇಲ್ಲಪ್ಪ."

"ಮನೇಲಿ ಯಾರಿಗೂ?"

"ಯಾರಿಗೂ ಇಲ್ಲ." ನಾನು ಬಾಗಿಲಲ್ಲಿ ನಿಂತಿರುವುದು ಗೊತ್ತಿದ್ದೂ ಅಮ್ಮ ಈ ಕಡೆ ತಿರುಗಲಿಲ್ಲ.

"ಹಾಗಾದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ಲೇಬೇಕು," ಎಂದು ಅವರು ಬಿಳಿ ಹಾಳೆ ತೆಗೆದರು.

ನಾನು ಒಳಗೆ ಹೋದೆ. "ಸಾರ್, ಅದು ನಾನೇ," ಅಂದೆ.

ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಅದೇ ಹಾಳೆಯನ್ನು ನನ್ನ ಕಡೆ ತಳ್ಳಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆಸಿಕೊಂಡರು. ಅಮ್ಮನೂ ಸಹಿ ಹಾಕಿದಳು. ಸಹಿ ಓರೆಯಾಗಿ ಕೆಳಗಿಳಿಯಿತು. ಖಾತೆ ಮತ್ತೆ ತೆರೆಯುವ ಹೊತ್ತಿಗೆ ಆ ದಿನದ ವಹಿವಾಟು ಮುಗಿದಿತ್ತು.

ವಾಪಸ್ ಬರುವಾಗ ಆಟೋದಲ್ಲಿ ಬೈದಳು. "ಯಾಕೇ ಒಪ್ಕೊಂಡೆ? ನಾನು ಸಂಭಾಳಿಸ್ತಿದ್ನಲ್ಲ."

"ಕಂಪ್ಲೇಂಟ್ ಬರೀತಿದ್ರಲ್ಲಮ್ಮ."

"ಬರೀಲಿ. ಪೊಲೀಸ್ನೋರು ಬಂದು ಯಾರನ್ನ ಹಿಡ್ಕೊಂಡು ಹೋಗೋರು? ಕಣ್ಣು ಕಾಣದಿರೋ ಮುದುಕೀನಾ?"

ಮರುದಿನ ಇನ್ನೂ ಕಡಿಮೆ ಬೆಲೆಗೆ ಸಿಮೆಂಟು ಮಾರಿದಳು.  

ನನ್ನನ್ನು ನಿಜವಾಗಿ ಕೊರೆದದ್ದು ಬೇರೆ. ಡಾಕ್ಟರು ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿ ಎಂದು ಹೇಳಿ ಆರು ತಿಂಗಳೇ ಆಗಿತ್ತು. ಪುಟ ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೇನು ಅವಸರ ಎಂದು ನಾನು ದೂಡುತ್ತಲೇ ಬಂದಿದ್ದೆ. ಆ ತಿಂಗಳೇ ರಜೆ ಹಾಕಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಮ್ಮ ಕಂಪ್ಯೂಟರ್ ಮುಂದೆ ಕೂತು, "ಆ ಪ್ರೋಗ್ರಾಮ್ ತೆಗೆದ್ಯಾ?" ಎಂದು ಕೇಳಿದಳು.

ತೆಗೆದಿರಲಿಲ್ಲ. ನಿಲ್ಲಿಸಿ ಇಟ್ಟಿದ್ದೆ ಅಷ್ಟೆ. ಅವಳೆದುರಿಗೇ ಅಳಿಸಿದೆ.