ಬಾವಿಯ ಕೆಳಗಿನ ನಾಲ್ಕು ಮನೆಗಳು

ಪುತ್ತಿಗೆಯ ನಿಖಿತಾ ಆರ್ಕಿಟೆಕ್ಟ್. ಮಂಗಳೂರಿನಲ್ಲಿ ಒಂದೇ ಅಚ್ಚಿನ ಫ್ಲ್ಯಾಟುಗಳ ನಕ್ಷೆ ಬರೆದು ಬರೆದು ಬೇಸತ್ತು ಊರಿಗೆ ಮರಳಿ, ಸೀತಾಂಗೋಳಿಯ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ, ಕಾಲೇಜಿನ ಗೆಳೆಯ ಮನೀಶ್‌ನ ಜೊತೆ ಕಚೇರಿ ತೆರೆದಳು. ಅವಳ ಕೆಲಸದ ಕ್ರಮವೇ ಬೇರೆ. ಮೊದಲು ನಕ್ಷೆ ಬರೆಯುತ್ತಿರಲಿಲ್ಲ, ನಿಯಮ ಬರೆಯುತ್ತಿದ್ದಳು. ಒಂದು ಮನೆಯ ಬಾಗಿಲು ಇನ್ನೊಂದರ ಕಕ್ಕಸಿಗೆ ಮುಖ ಮಾಡಬಾರದು. ಸಂಜೆಯ ಬಿಸಿಲು ಮಲಗುವ ಕೋಣೆಗೆ ಹೊಡೆಯಬಾರದು. ನಡೆಯಲಾಗದವರ ಮನೆ ರಸ್ತೆಯ ಮಟ್ಟದಲ್ಲೇ ಇರಬೇಕು. ಇಂಥವನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಜಾಗದ ಏರುತಗ್ಗು ನೋಡಿಕೊಂಡು ಅದೇ ನೂರಾರು ನಕ್ಷೆಗಳನ್ನು ಹೆಣೆದು ಮುಂದಿಡುತ್ತಿತ್ತು. ಅವುಗಳಲ್ಲಿ ಒಳ್ಳೆಯದನ್ನು ಆರಿಸಿದರಾಯಿತು.

ಎಣ್ಮಕಜೆ ಕಡೆಯ ಗುಡ್ಡವೊಂದರಲ್ಲಿ ಸೇವಾ ಸಮಿತಿಯೊಂದು ಮನೆಯಿಲ್ಲದವರಿಗೆ ಕಾಲನಿ ಕಟ್ಟಲು ಹೊರಟಾಗ ನಕ್ಷೆಯ ಕೆಲಸ ಅವಳಿಗೆ ಸಿಕ್ಕಿತು. ರಸ್ತೆ ಗುಡ್ಡದ ನೆತ್ತಿಯಲ್ಲಿ, ಬಾವಿ ಇಳಿಜಾರಿನ ನಡುವೆ. ನಿಖಿತಾ ಮನೆ ಪಡೆಯುವವರನ್ನೆಲ್ಲ ಹುಡುಕಿಕೊಂಡು ಹೋಗಿ ಮಾತಾಡಿಸಿದಳು. ಅವರಲ್ಲಿ ಕಿನ್ನಿ ಎಂಬ ಮುದುಕಿಯೂ ಒಬ್ಬಳು. ಅವಳ ಮಗ ಬೋಜನಿಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಅವನ ಓಡಾಟ.

“ಯಾರಿಗೆ ಯಾವ ಮನೆ ಅಂತ ಯಾರು ಹೇಳುವುದು?” ಕಿನ್ನಿ ಕೇಳಿದಳು.

“ಕಂಪ್ಯೂಟರ್ ಹೇಳುತ್ತದೆ ಅಜ್ಜಿ. ಅದಕ್ಕೆ ನಿಮ್ಮ ಜಾತಿ ಎಂತದು ಅಂತ ಗೊತ್ತಿಲ್ಲ.”

ಇದನ್ನು ಹೇಳುವಾಗ ನಿಖಿತಾಳಿಗೆ ಹೆಮ್ಮೆಯೇ ಆಗಿತ್ತು. ಅವಳು ಆರಿಸಿದ ನಕ್ಷೆಯಲ್ಲಿ ಬೋಜನ ಮನೆ ರಸ್ತೆಗೆ ತಾಗಿಕೊಂಡೇ ಇತ್ತು.

ವಾರದೊಳಗೆ ಸಮಿತಿಯ ಕಾರ್ಯದರ್ಶಿ ಗಣೇಶಪ್ರಸಾದರು ಕಚೇರಿಗೆ ಬಂದರು. ನಕ್ಷೆಯನ್ನು ಹೊಗಳಿ, ಚಹಾ ಕುಡಿದು, ಮೆಲ್ಲಗೆ ಸುರು ಮಾಡಿದರು. “ಕಿನ್ನಿಯ ಜಾತಿಯವರದ್ದು ನಾಲ್ಕು ಕುಟುಂಬ ಉಂಟಲ್ಲ, ಅವು ಬಾವಿಯಿಂದ ಮೇಲೆ ಬಂದರೆ ಉಳಿದವರು ಆ ನೀರು ಮುಟ್ಟಲಿಕ್ಕಿಲ್ಲ. ನನಗೆ ಎಂತ ಭೇದವೂ ಇಲ್ಲ, ಜನರ ಮಾತು ಹೇಳಿದ್ದು. ಸ್ವಲ್ಪ ಕೆಳಗೆ ಹಾಕಿದರೆ ಆಯಿತು.”

“ಆಗುವುದಿಲ್ಲ,” ಎಂದಳು ನಿಖಿತಾ. ಗಣೇಶಪ್ರಸಾದರು ವಾದ ಮಾಡಲಿಲ್ಲ. ಹೋಗುವಾಗ ಮನೀಶ್‌ನ ಹೆಗಲು ತಟ್ಟಿ ಹೋದರು.

ಮನೆ ಹಂಚುವ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ದೊಡ್ಡ ಫ್ಲೆಕ್ಸಿನಲ್ಲಿ ನಕ್ಷೆ ತೂಗಿತ್ತು. ನಿಖಿತಾ ನೋಡಿದಳು. ನಾಲ್ಕೂ ಮನೆಗಳು ಬಾವಿಯ ಕೆಳಗೆ, ಬೇಲಿಯಂಚಿನಲ್ಲಿ ಸಾಲಾಗಿ ಕುಳಿತಿದ್ದವು. ಒಂದರ ಮೇಲೆ ಬೋಜನ ಹೆಸರು.

ಗಣೇಶಪ್ರಸಾದರು ಮೈಕ್ ಹಿಡಿದು, “ಇದು ಮನುಷ್ಯರು ಆರಿಸಿದ್ದಲ್ಲ. ಕಂಪ್ಯೂಟರ್ ಆರಿಸಿದ್ದು. ಅದಕ್ಕೆ ಮೇಲು ಕೀಳು ಉಂಟಾ?” ಎಂದರು. ಜನ ಚಪ್ಪಾಳೆ ತಟ್ಟಿದರು.

ನಿಖಿತಾ ಎದ್ದು ನಿಂತಳು. “ಸುಳ್ಳು. ನನಗೆ ತಿಳಿಸದೆ ಯಾರೋ ಹೊಸ ನಿಯಮ ಸೇರಿಸಿದ್ದಾರೆ.”

“ಪ್ರೋಗ್ರಾಮ್ ಬರೆದವರು ಯಾರು?” ಗಣೇಶಪ್ರಸಾದರು ಮೈಕಿನಲ್ಲೇ ಕೇಳಿದರು.

“ನಾನು.”

“ಮತ್ತೆಂತ ಮಾರಾಯ್ತಿ? ನಿಮ್ಮದೇ ಪ್ರೋಗ್ರಾಮ್ ಕೊಟ್ಟದ್ದಲ್ಲವಾ?”

ಯಾರೋ ನಕ್ಕರು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಅಷ್ಟರಲ್ಲಿ ಪಾಯಸ ಬಂತು.

ಕಚೇರಿಗೆ ಬಂದು ಕಡತ ತೆರೆದು ನೋಡಿದರೆ ಸೇರಿಸಿದ್ದು ಒಂದೇ ಸಾಲು: ಪಟ್ಟಿಯಲ್ಲಿ ಗುರುತು ಹಾಕಿದ ಕುಟುಂಬಗಳ ಮನೆ ಬಾವಿಯಿಂದ ಕೆಳಗೇ ಇರಬೇಕು. ಎರಡು ನಿಯಮಗಳು ಒಂದಕ್ಕೊಂದು ಅಡ್ಡ ಬಂದರೆ ಈ ಹೊಸದೇ ಗೆಲ್ಲಬೇಕು ಎಂದೂ ಅದರಲ್ಲಿತ್ತು. ಗಾಲಿಕುರ್ಚಿಯ ನಿಯಮ ಸೋತದ್ದು ಹಾಗೆ. ಆ ಸಾಲಿಗೆ ಮನೀಶ್ ಕೊಟ್ಟ ಹೆಸರು ‘ನೀರಿನ ಸುರಕ್ಷತೆ’.

“ಮುಂದಿನ ಕಾಲನಿಗಳೂ ಅವರ ಕೈಯಲ್ಲೇ ಉಂಟು,” ಎಂದ ಮನೀಶ್, ಅವಳ ಮುಖ ನೋಡದೆ. “ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಿದ್ದ.”

ನಿಖಿತಾ ಪಂಚಾಯತಿಗೆ ದೂರು ಕೊಟ್ಟಳು. ಅಧಿಕಾರಿಯೊಬ್ಬರು ನಕ್ಷೆ ಪರಿಶೀಲಿಸಿ, ಕಾನೂನು ಹೇಳಿದ ಅಂತರಗಳೆಲ್ಲ ಸರಿಯಾಗಿವೆ ಎಂದರು. ನಿಜಕ್ಕೂ ಸರಿಯಾಗಿಯೇ ಇದ್ದವು. ಅವಳು ಕಿನ್ನಿಯ ಬಳಿಗೂ ಹೋಗಿ, ಆ ಮನೆ ಒಪ್ಪಿಕೊಳ್ಳಬೇಡಿ ಎಂದಳು.

“ಒಪ್ಪದಿದ್ದರೆ ನಾವು ಎಲ್ಲಿಗೆ ಹೋಗುವುದು?” ಎಂದಳು ಕಿನ್ನಿ. “ನಮಗೆ ಇದು ಹೊಸತಲ್ಲ ಮಗಾ. ಮೊದಲಾದರೆ ದೂರ ನಿಲ್ಲು ಅಂದವನ ಮುಖ ಕಾಣುತ್ತಿತ್ತು. ಹಿಂದಿನಿಂದ ಅವನಿಗೆ ಬೈಯಲಿಕ್ಕಾದರೂ ಆಗುತ್ತಿತ್ತು.”

ಮನೆಗಳು ಎದ್ದವು. ಮನೀಶ್ ಬೇರೆ ಕಚೇರಿ ಮಾಡಿಕೊಂಡ. ಅವಳ ನಿಯಮಗಳ ಪ್ರತಿ ಅವನಲ್ಲೇ ಉಳಿಯಿತು, ಆ ಒಂದು ಸಾಲೂ ಸೇರಿ. ಈಗ ಅವನು ಅದರಿಂದ ಮೂರನೆಯ ಕಾಲನಿ ಕಟ್ಟಿಸುತ್ತಿದ್ದಾನೆ. ನಿಖಿತಾಳಿಗೆ ದೊಡ್ಡ ಕೆಲಸ ಕೊಡುವವರಿಲ್ಲ. ಸಮಿತಿಯ ಹೆಸರು ಕೆಡಿಸಿದವಳು ಎಂಬ ಮಾತು ಕುಂಬಳೆಯವರೆಗೆ ಹರಡಿದೆ. ಗಲ್ಫಿನಿಂದ ಬಂದವರ ಕಂಪೌಂಡು ಗೋಡೆ, ಬಚ್ಚಲುಮನೆಗಳ ನಕ್ಷೆಯನ್ನು ಕೈಯಲ್ಲೇ ಬರೆದುಕೊಡುತ್ತಾಳೆ.

ಮೊನ್ನೆ ಆ ದಾರಿಯಾಗಿ ಹೋದವಳು ಕಾಲನಿಯ ಬಳಿ ಸ್ಕೂಟರ್ ನಿಲ್ಲಿಸಿದಳು. ಬೋಜನನ್ನು ಆಸ್ಪತ್ರೆಗೆ ಕರೆದೊಯ್ಯಲು ರಿಕ್ಷಾ ರಸ್ತೆಯಲ್ಲಿ ಕಾಯುತ್ತಿತ್ತು. ಪಕ್ಕದ ಮನೆಯ ಗಂಡಸೊಬ್ಬ ಅವನನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಕಿನ್ನಿ ಗಾಲಿಕುರ್ಚಿಯನ್ನು ಮಡಚಿ ತಲೆಯ ಮೇಲೆ ಹೊತ್ತು, ಏದುಸಿರು ಬಿಡುತ್ತ ಬರುತ್ತಿದ್ದಳು. ನಿಖಿತಾ ಓಡಿ ಇಳಿದು ಕೈ ಚಾಚಿದಳು.

“ಬೇಡ ಬೇಡ,” ಎಂದಳು ಕಿನ್ನಿ. “ದಾರಿ ಬಿಡು ಮಗಾ.”

ನಿಖಿತಾ ಪಕ್ಕಕ್ಕೆ ಸರಿದು ನಿಂತಳು.