ಹನ್ನೊಂದು ಕಾರ್ಡಿನ ಸಮಾಧಿ

ಕೆಸರೆಯ ಚಿಕ್ಕಬಸವಯ್ಯನವರ ಕಿವಿಯ ಮಹಿಮೆ ಕಾಲೇಜು ಹುಡುಗರ ಬಾಯಲ್ಲಿ ಬೆಳೆದದ್ದು ಹೀಗೆ. ರಾಕ್ ಸಂಗೀತದ ಆ ಮಹಾಗುರು ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಸಮಾಧಿಸ್ಥರಾಗಿರುತ್ತಾರೆ. ಪಕ್ಕದ ಶೆಡ್ಡಿನಲ್ಲಿ ಡ್ರಮ್ಮಿನ ಒಂದೇ ಒಂದು ಪೆಟ್ಟು ಲೆಕ್ಕ ತಪ್ಪಿದರೂ ಧಡಕ್ಕನೆ ಎದ್ದು, ಬಲಗೈ ಚಾಚಿ, ತಪ್ಪನ್ನು ಗಾಳಿಯಲ್ಲೇ ಹಿಡಿಯುತ್ತಾರೆ. ಶಬ್ದವೇಧಿ ವಿದ್ಯೆ ದಶರಥನ ನಂತರ ನೇರ ಕೆಸರೆಗೇ ಬಂದಿತೆಂಬುದು ಹುಡುಗರ ತೀರ್ಮಾನ.

ಚಿಕ್ಕಬಸವಯ್ಯನವರಿಗೆ ರೇಷ್ಮೆ ಸೀರೆ ನೇಯುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರಾತ್ರಿ ಪಾಳಿ. ಅಲ್ಲಿನ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಸುತ್ತುತ್ತದೆ. ಯಾವ ಎಳೆ ಮೇಲೇಳಬೇಕೆಂದು ಹೇಳುವುದು ಆ ತೂತುಗಳು. ತೂತು ಹೆಚ್ಚಿರುವ ಕಾರ್ಡು ಬಂದರೆ ಮಗ್ಗ ಗಟ್ಟಿಯಾಗಿ ಗುದ್ದುತ್ತದೆ. ಅವರು ನೇಯುವ ಬಳ್ಳಿಯ ಚಿತ್ತಾರಕ್ಕೆ ಹನ್ನೊಂದು ಕಾರ್ಡು. ಸದ್ದು ಬದಲಾದರೆ ಎಲ್ಲೋ ಎಳೆ ಹರಿದಿದೆಯೆಂದು ಅರ್ಥ. ಕಣ್ಣು ನೋಡುವ ಮುಂಚೆ ಕೈ ಹೋಗಿರುತ್ತದೆ.

೧೯೯೮ರಲ್ಲಿ ಪಕ್ಕದ ಮನೆಯ ಅಮರೇಶ್, ಗಣಿತದ ಬಿ.ಎಸ್‌ಸಿ. ಓದುತ್ತಿದ್ದವನು, ತಗಡಿನ ಶೆಡ್ಡಿಗೆ ಡ್ರಮ್ ತಂದಿಟ್ಟ. ಮೂರು ದಿನ ಚಿಕ್ಕಬಸವಯ್ಯ ರೆಪ್ಪೆ ಮುಚ್ಚಲಿಲ್ಲ. ನಾಲ್ಕನೆಯ ದಿನ ಮಗ್ಗದ ಮುಂದೆ ತೂಕಡಿಸಿ, ಎರಡಡಿ ಸೀರೆಯಲ್ಲಿ ಹೂವಿಲ್ಲದ ಬಳ್ಳಿ ಹಬ್ಬಿಸಿದರು. ಇನ್ನೊಮ್ಮೆ ತೂಕಡಿಸಿದರೆ ಪೂರ್ತಿ ಮನೆಯಲ್ಲೇ ಮಲಗಬಹುದೆಂದು ಮೇಸ್ತ್ರಿ ಹೇಳಿದ.

ಹೆಂಡತಿ ಮಹದೇವಮ್ಮ ಶೆಡ್ಡಿಗೆ ನುಗ್ಗಿದರು. “ಲೋ ಅಮರೇಶ, ನಿಮ್ಮ ಮಾವನ ಕಣ್ಣು ಕೆಂಡ ಆಗ್ಬುಟ್ಟಿದೆ. ಕೆಲ್ಸ ಹೋದ್ರೆ ಈ ಡ್ರಮ್ಮಲ್ಲೇ ಮುದ್ದೆ ಬೇಯಿಸ್ತೀನಿ, ನೋಡ್ತಿರು.”

“ಕಾಲೇಜಲ್ಲಿ ರಾಕ್ ಬ್ಯಾಂಡ್ ಕಾಂಪಿಟೇಶನ್ ಅತ್ತೆ. ಬೇರೆ ಜಾಗ ಇಲ್ಲ.”

ಹಿಂದೆಯೇ ಚಿಕ್ಕಬಸವಯ್ಯ ಬಂದರು. ಕೈಯಲ್ಲಿ ಸವೆದು ಎಸೆದ ಹನ್ನೊಂದು ಕಾರ್ಡು. “ನಿಲ್ಲಿಸ್ಬೇಡ ಕಣಪ್ಪ. ಮಗ್ಗದ ಸದ್ದಲ್ಲಿ ಬದುಕಿದೋನು ನಾನು, ಸದ್ದಿಗೇನೂ ಎಚ್ಚರ ಆಗಲ್ಲ. ನೀನು ನಾಕು ಪೆಟ್ಟಿಗೇ ಮುಗಿಸ್ತೀಯ ನೋಡು, ಮಿಕ್ಕಿದ ಏಳು ಕಾರ್ಡು ಎಲ್ಲೋಯ್ತು ಅಂತ ಎದ್ದು ಹುಡುಕ್ತೀನಿ. ಒಂದು, ನಾಕು, ಏಳು, ಒಂಬತ್ತು ಗಟ್ಟಿಯಾಗಿ ಹೊಡಿ. ಮಿಕ್ಕಿದ್ದು ಮೆಲ್ಲಗೆ.”

ಅಮರೇಶ್ ಬೆರಳು ಮಡಿಚಿ ಎಣಿಸಿದ. ಮೂರು, ಮೂರು, ಎರಡು, ಮೂರು. ಅವನ ಮುಖದಲ್ಲಿ ಆರ್ಯಭಟನ ಕಳೆ ಬಂತು. ಕಾರ್ಡುಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ಅವನ್ನೇ ನೋಡುತ್ತ ಬಾರಿಸಿದ. ಎರಡನೆಯ ಸುತ್ತು ಮುಗಿಯುವ ಮೊದಲೇ ಗೋಡೆಯಾಚೆ ಗೊರಕೆ ಎದ್ದಿತು.

ಆ ವರ್ಷ ಅಮರೇಶನ ತಂಡ ಗೆದ್ದಿತು. ಮರುವರ್ಷವೂ ಗೆದ್ದಿತು. ಸೀರೆಯಿಂದ ತಾಳ ತೆಗೆದವರು ಯಾರೆಂದು ಕೇಳುತ್ತ, ಗಣಿತದ ಮೇಷ್ಟ್ರು ಸಿದ್ದಮಲ್ಲಪ್ಪ ನೋಟ್‌ಬುಕ್ ಹಿಡಿದು ಒಂದು ಮಧ್ಯಾಹ್ನ ಕೆಸರೆಗೆ ಬಂದರು. ಚಾಪೆಯ ಮೇಲಿನ ಆಕೃತಿಯನ್ನು ಕಂಡು ಚಪ್ಪಲಿ ಬಿಟ್ಟು ಕೈಕಟ್ಟಿ ಕೂತರು.

“ಧ್ಯಾನವೇನಮ್ಮ?” ಪಿಸುಗುಟ್ಟಿದರು.

“ಊಟ ಆದ್ಮೇಲೆ ದಿನಾ ಮಾಡ್ತಾರೆ,” ಎಂದರು ಮಹದೇವಮ್ಮ.

ಮೇಷ್ಟ್ರು ಬಂದಿರುವ ಸುದ್ದಿ ಶೆಡ್ಡಿಗೆ ಮುಟ್ಟಿ ಅಮರೇಶ್ ಕಾರ್ಡು ಬಿಟ್ಟು ಬಾಗಿಲ ಕಡೆ ನೋಡಿದ. ಒಂಬತ್ತನೆಯ ಪೆಟ್ಟು ಜಾರಿತು. ಚಿಕ್ಕಬಸವಯ್ಯ ಧಡಕ್ಕನೆ ಎದ್ದು ಕೈ ಚಾಚಿದರು. ಕೈಗೆ ಸಿಕ್ಕಿದ್ದು ಮೇಷ್ಟ್ರ ನೋಟ್‌ಬುಕ್. ಅದರಲ್ಲಿ ಹರಿದ ಎಳೆಗಾಗಿ ಸ್ವಲ್ಪ ಹೊತ್ತು ತಡಕಾಡಿ, ಸಿಗದೆ, ಗಡಿಯಾರ ನೋಡಿದರು. ಮೂರೂಕಾಲು. ಏಳಕ್ಕೆ ಬಸ್ಸು. ಮುಖದಲ್ಲಿ ಇಪ್ಪತ್ತೆರಡು ವರ್ಷದ ನಿದ್ದೆ ಬಾಕಿ ಕಾಣುತ್ತಿತ್ತು.

ಮೇಷ್ಟ್ರ ಕಣ್ಣು ತುಂಬಿತ್ತು. “ಅವಿಭಾಜ್ಯ ಸಂಖ್ಯೆ ಹನ್ನೊಂದು. ಅದರೊಳಗೆ ಮೂರು, ಮೂರು, ಎರಡು, ಮೂರು. ಯಾವ ಉದ್ದೇಶ ಇಟ್ಟುಕೊಂಡು ಈ ಹುಡುಗರಿಗೆ ಕೊಟ್ಟಿರಿ?”

ಚಿಕ್ಕಬಸವಯ್ಯ ನೋಟ್‌ಬುಕ್ ಹಿಂದಿರುಗಿಸಿ, ಮತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

“ನಿದ್ದೆ ಬರ್ಲಿ ಅಂತ, ಮೇಷ್ಟ್ರೇ.”