ಟೆಂಗ್ ಮೇಷ್ಟ್ರ ಚೆಲ್ಲೊ
ಹಾಂಗ್‌ಝೌ ನಗರದ ಜನಪದ ವಾದ್ಯವೃಂದದಲ್ಲಿ ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸುವ ಟೆಂಗ್ ಮೇಷ್ಟ್ರ ಮುಂದೆ ಯಾರಾದರೂ ಅದನ್ನು ಚೆಲ್ಲೊ ಎಂದರೆ ಮುಗಿಯಿತು, ಎರಡು ದಿನ ಮಾತಿಲ್ಲ. ಹೆಬ್ಬಾವಿನ ಚರ್ಮ ಹೊದ್ದ ಎರಡು ತಂತಿಯ ಅರ್ಹು, ವೀಣೆಯಂತೆ ಮೀಟುವ ಪೀಪಾ, ಕೊಳಲುಗಳ ನಡುವೆ ತಮ್ಮದು ಪರದೇಶದ ವಾದ್ಯ ಎಂಬ ಸಂಕಟಕ್ಕೆ ಅವರು ಬಡಗಿಯನ್ನು ಹಿಡಿದು ಅದರ ತಲೆಗೊಂದು ಡ್ರ್ಯಾಗನ್ ಮುಖ ಕೂರಿಸಿದ್ದಾರೆ. ಪ್ರತಿ ಕಛೇರಿಯಲ್ಲೂ ನಿರ್ದೇಶಕರು ಮೈಕಿನಲ್ಲಿ "ಐದು ಸಾವಿರ ವರ್ಷಗಳ ಅಪ್ಪಟ ಪರಂಪರೆ" ಎಂದಾಗ, ಚೆಲ್ಲೊವನ್ನು ರೇಷ್ಮೆ ನಿಲುವಂಗಿಯಲ್ಲಿ ಮರೆಮಾಡಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರೂ ಅವರೇ. "ಇದೂ ಅರ್ಹೂನೇ ಕಣಮ್ಮ, ಸ್ವಲ್ಪ ಹೊಟ್ಟೆ ಬಂದಿದೆ ಅಷ್ಟೆ," ಎಂದು ಪೀಪಾ ನುಡಿಸುವ ಹ್ವೇಲಾನ್‌ಗೆ ಹೇಳುತ್ತಾರೆ. "ಹಂಗಾದ್ರೆ ಹೆಬ್ಬಾವಿನ ಚರ್ಮ ಎಲ್ಲಿ ಮೇಷ್ಟ್ರೇ?" ಎಂದು ಅವಳು ಕೆಣಕಿದರೆ, "ಸೆಕೆಗೆ ಬಿಚ್ಚಿಟ್ಟಿದೆ!" ಚರ್ಮ ಹೊದ್ದ ವಾದ್ಯವೊಂದು ನಿಜಕ್ಕೂ ಉಗ್ರಾಣದಲ್ಲಿದೆ: ಚೆಲ್ಲೊದ ಹಂಗೇ ಬೇಡವೆಂದು ಇಲ್ಲಿಯವರೇ ಕಟ್ಟಿದ, ಮೇಷ್ಟ್ರು ಹರೆಯದಲ್ಲಿ ನುಡಿಸುತ್ತಿದ್ದ, ಗೆಹು ಎಂಬ ದೊಡ್ಡ ಅರ್ಹು. ಊರಿನ ಸರೋವರದ ತೇವಕ್ಕೆ ಅದರ ಚರ್ಮ ಸಡಿಲವಾಗಿ ಸ್ವರ ಜಾರುತ್ತದೆಂದೇ ಚೆಲ್ಲೊ ಬಂದದ್ದು. ಇಪ್ಪತ್ತಾರು ವರ್ಷಗಳಿಂದ ಅಭ್ಯಾಸಕ್ಕೆ ಮುಂಚೆ ಮೇಷ್ಟ್ರು ಆ ಗೆಹುವನ್ನು ಕಲ್ಲಂಗಡಿಯಂತೆ ತಟ್ಟಿ ನೋಡಿ, "ಇವತ್ತೂ ತೇವ. ಒಣಗಿದ ದಿನ ನೀನೇ ಬರೋದು," ಎಂದು ಸಮಾಧಾನ ಹೇಳುತ್ತಾರೆ. ಹೋದ ಚಳಿಗಾಲದ ಒಂದು ಬೆಳಿಗ್ಗೆ ತಟ್ಟಿದರೆ ಚರ್ಮ ಒಣಗಿ ಬಿಗಿದು ಟಣ್ ಎಂದಿತು. ಮೇಷ್ಟ್ರು ಬೆಚ್ಚಿ ಹಿಂದಿರುಗಿ ನೋಡಿದರು. ಬಾಗಿಲಲ್ಲಿ ಹ್ವೇಲಾನ್ ನಿಂತಿದ್ದಳು. "ಇವತ್ತೂ ತೇವ ಕಣಮ್ಮ," ಎಂದು ಅದಕ್ಕೆ ಬಟ್ಟೆ ಹೊದಿಸಿ, ಡ್ರ್ಯಾಗನ್ ತಲೆಯ ತಮ್ಮ ಚೆಲ್ಲೊವನ್ನು ಅಪ್ಪಿಕೊಂಡು ಎತ್ತಿದರು. ಹ್ವೇಲಾನ್ ಮೊದಲ ಸಲ ಕೆಣಕದೆ ದಾರಿ ಬಿಟ್ಟಳು. ಕಿಟಕಿಯ ತುಂಬ ಬಿಸಿಲಿತ್ತು.